ಎರಡನೆಯ ಪಟ್ಟಿ

ಕೃತಕ ಕಾಲು ಮಾಡುವ ಕಾರ್ಯಾಗಾರಕ್ಕೆ ನನ್ನನ್ನು ಸೇರಿಸಿದ್ದೇ ನನ್ನ ಸೋದರಮಾವ. ಮೂವತ್ತು ವರ್ಷದಿಂದ ಅಲ್ಲಿ ಅಳತೆ ತೆಗೆಯುವ ಕೆಲಸ ಅವರದು. ಕತ್ತರಿಸಿ ಉಳಿದ ಕಾಲನ್ನು ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಾ ಹೋಗುವರು. ಬಂದವರು ಬಾಯಿ ಬಿಡುವ ಮೊದಲೇ ನೋಯುವ ಜಾಗ ಅವರಿಗೆ ತಿಳಿಯುತ್ತಿತ್ತು. ಅಲ್ಲಿ ನೀಲಿ ಬಣ್ಣ ಹಚ್ಚುತ್ತಿದ್ದರು, ಇಲ್ಲಿ ಒತ್ತಬಾರದು ಎಂದು.

ಅಲ್ಲಿಂದ ಮುಂದೆ ನನ್ನ ಕೆಲಸ. ಸ್ಕ್ಯಾನರ್ ಆ ಕಾಲನ್ನು ಸಾವಿರಾರು ಬಿಂದುಗಳ ಬಲೆಯಾಗಿ ಕಂಪ್ಯೂಟರಿಗೆ ಕೊಡುತ್ತದೆ. ನಾನು ಬರೆದ ಕಂಪ್ಯೂಟರ್ ಕೋಡಿನಲ್ಲಿ ಬಿಂದುಗಳು ಎಲ್ಲಿವೆ ಎಂಬುದು ಒಂದು ಪಟ್ಟಿ. ಯಾವುದು ನೀಲಿ ಎಂಬುದು ಇನ್ನೊಂದು. ನಾನೂರನೆಯ ಬಿಂದುವಿನ ಬಣ್ಣ ಬೇಕೆಂದರೆ ಎರಡನೆಯ ಪಟ್ಟಿಯ ನಾನೂರನೆಯ ಸಾಲು ನೋಡಬೇಕು. ಕ್ರಮಸಂಖ್ಯೆ ಬಿಟ್ಟರೆ ಅವೆರಡಕ್ಕೂ ಬೇರೆ ನಂಟಿಲ್ಲ. ನೀಲಿ ಇರುವ ಕಡೆ, ಕಾಲು ಕೂರುವ ಬಟ್ಟಲನ್ನು ಯಂತ್ರ ತುಸು ಸಡಿಲ ಮಾಡುತ್ತದೆ.

ಒಮ್ಮೆ ಅಂಚೆ ಹಂಚುವ ಹೆಂಗಸೊಬ್ಬರು ಬಂದರು. ಮಾವ ಅವರನ್ನು ಅಂಚೆಯಕ್ಕ ಎಂದೇ ಕರೆದರು. ಕಾಲು ನಡುಗಿದ್ದರಿಂದ ಎರಡು ಸಲ ಸ್ಕ್ಯಾನ್ ಮಾಡಿ ಕೂಡಿಸಬೇಕಾಯಿತು. ಒಂದೇ ಜಾಗದಲ್ಲಿ ಎರಡೆರಡು ಬಿಂದು ಬಿದ್ದವು. ಹೆಚ್ಚಾದವನ್ನು ಅಳಿಸಲು ಹತ್ತು ಸಾಲಿನ ಕೋಡ್ ಗೀಚಿದೆ. ಊಟದ ಹೊತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಪರದೆಯ ಮೇಲೆ ಕಾಲಿನ ಆಕಾರ ನಯವಾಗಿ ಬಂದದ್ದು ನೋಡಿ ಎದ್ದುಬಿಟ್ಟೆ. ಅದರ ಮೇಲೆ ನೀಲಿ ಎಲ್ಲಿದೆ ಎಂದು ನೋಡಲಿಲ್ಲ.

ಹೊಸ ಕಾಲು ಕೊಟ್ಟ ಎರಡು ವಾರಕ್ಕೆ ಅಂಚೆಯಕ್ಕ ಊರುಗೋಲಿನಲ್ಲಿ ವಾಪಸು ಬಂದರು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹುಣ್ಣಾಗಿ ಕೀವು ತುಂಬಿತ್ತು. ಬಟ್ಟಲು ಸಡಿಲವಾಗಿದ್ದದ್ದು ಪಕ್ಕದ ಮಾಂಸಖಂಡದ ಕಡೆ. ಮಾವ ಬಟ್ಟಲೊಳಗೆ ಬೆರಳಾಡಿಸಿ ನೋಡಿದರು. "ಗುರುತು ನಾನೇ ತಪ್ಪಿ ಹಾಕಿರಬೇಕು" ಎಂದರು.

ಸಂಜೆಯೊಳಗೆ ನನಗೆ ತಪ್ಪು ಸಿಕ್ಕಿತು. ಬಿಂದುಗಳನ್ನು ಮೊದಲ ಪಟ್ಟಿಯಿಂದ ಅಳಿಸಿದ್ದೆ, ಎರಡನೆಯದನ್ನು ಮುಟ್ಟಿರಲಿಲ್ಲ. ಅಲ್ಲಿಂದಾಚೆ ಕ್ರಮಸಂಖ್ಯೆ ಜಾರಿ ಒಂದರ ಬಣ್ಣ ಇನ್ನೊಂದಕ್ಕೆ ಸೇರಿತ್ತು. ಕೋಡಿಗೆ ಎರಡು ಸಾಲು ಸೇರಿಸಿ ಸರಿಮಾಡಿದೆ. ಯಾರಿಗೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಮೇಲ್ವಿಚಾರಕರು, ಇನ್ನು ಮಾವ ಹಾಕಿದ ಗುರುತನ್ನು ಇನ್ನೊಬ್ಬರು ಪರೀಕ್ಷಿಸಬೇಕೆಂದು ಹೇಳಿದರು. ಮಾವ ತಲೆಯಾಡಿಸಿದರು. ಒಂದೇ ಜಾಗವನ್ನು ಮೂರು ನಾಲ್ಕು ಸಲ ಒತ್ತಿ, "ನೋಯುತ್ತಾ? ನಿಜವಾಗ್ಲೂ?" ಎಂದು ಕೇಳತೊಡಗಿದರು. ಯಾರಾದರೂ ಕಂಪ್ಯೂಟರ್ ಎಂದರೆ ಸಾಕು, ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಾಳೆ ನಾಳೆ ಎನ್ನುತ್ತಾ ದಿನಗಳು ಸರಿದವು.

ಕೊನೆಗೆ ಅತ್ತೆಯ ಫೋನ್ ಬಂತು. "ನಿನ್ನ ಮಾವ ಬೆರಳು ಮರಗಟ್ಟಿದೆಯಾ ಅಂತ ಡಾಕ್ಟರ್ ಹತ್ರ ಹೋಗಿದ್ರು. ಏನೂ ಇಲ್ಲ ಅಂದ್ರಂತೆ. ಆದ್ರೂ ಕೆಲಸ ಬಿಡ್ತೀನಿ ಅಂತಾ ಇದಾರೆ. ನೀನಾದ್ರೂ ಹೇಳು."

ಊಟದ ಡಬ್ಬಿ ಮುಚ್ಚಿ ನೇರವಾಗಿ ಮಾವನ ಕೋಣೆಗೆ ಹೋದೆ. ಅವರು ತೊಟ್ಟಿಯ ಬಳಿ ಕೈಗೆ ಮೆತ್ತಿದ ಪ್ಲಾಸ್ಟರ್ ತೊಳೆಯುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ನಲ್ಲಿ ನಿಲ್ಲಿಸಿದರು.

"ಯಾವತ್ತು ಗೊತ್ತಾಯ್ತು?"

"ಅವರು ಹುಣ್ಣು ತೋರಿಸಿದ ದಿನಾನೇ."

ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ತಪ್ಪು ಯಾರ ಕೈಲಾದ್ರೂ ಆಗುತ್ತೆ ಕಣಮ್ಮ. ಆದ್ರೆ ಹನ್ನೊಂದು ದಿನ ನಾನು ನನ್ನ ಬೆರಳನ್ನೇ ನಂಬಲಿಲ್ಲ. ಅದು ನಿನಗೆ ಕಾಣ್ತಾ ಇತ್ತು."

ಹೌದು, ಕಾಣುತ್ತಿತ್ತು.

ಮೇಲ್ವಿಚಾರಕರಿಗೂ ಅಂದೇ ಹೇಳಿದೆ, ನೋಟಿಸು ಕೊಟ್ಟರು. ಹುಣ್ಣು ವಾಸಿಯಾಗಿ ಅಂಚೆಯಕ್ಕ ಮತ್ತೆ ಅಳತೆಗೆ ಬಂದಾಗ, ತಪ್ಪು ನನ್ನದೆಂದು ಅವರಿಗೂ ತಿಳಿಸಿದೆ. ತಿಂಗಳಿಡೀ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತವರು ಅವರು. ಪಟ್ಟಿಗಳ ವಿಷಯ ಅವರಿಗೆ ಬೇಕಿರಲಿಲ್ಲ.

"ನೀವು ಯಾವತ್ತಾದ್ರೂ ಇಂಥ ಕಾಲು ಮುಟ್ಟಿದೀರಾ?" ಎಂದು ಕೇಳಿದರು.

ಇಲ್ಲವೆಂದೆ. ಅವರು ಕಾಲು ಮುಂದೆ ಚಾಚಿದರು. ಮಾವ ನನ್ನ ಹೆಬ್ಬೆರಳು ಹಿಡಿದು ಎಲುಬಿನ ಮೇಲಿಟ್ಟರು. ಹೊಸ ಚರ್ಮ ಕಾಗದದಷ್ಟು ತೆಳ್ಳಗಿತ್ತು, ಬೆಚ್ಚಗಿತ್ತು. ನಾನು ಒತ್ತಲೇ ಇಲ್ಲ. ಆದರೂ ಅವರ ತೊಡೆ ಬಿಗಿಯಿತು.

ಹೊಸ ಬಟ್ಟಲು ಸರಿಹೋಯಿತು. ಮಾವ ಕೆಲಸ ಬಿಡಲಿಲ್ಲ. ಆದರೆ ಈಗ ಪ್ರತಿ ಕಾಲಿಗೂ ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಪರದೆಯ ಮೇಲೆ ನೀಲಿ ಎಲ್ಲಿದೆ ಎಂದು ನೋಡಿಕೊಂಡೇ ಹೋಗುತ್ತಾರೆ. ಬೇಡ ಎನ್ನಲು ನನಗೆ ಬಾಯಿಲ್ಲ.