ಓರಗಿತ್ತಿಯ ಹೊಲಕ್ಕೆ ಬಿಟ್ಟ ಹುಳು

ಎಮ್ಮಿಗನೂರಿನ ಕಾಲುವೆ ಪಕ್ಕದಲ್ಲಿ ಚೆನ್ನಬಸಮ್ಮನ ಹೊಲಕ್ಕೂ ಅವಳ ಓರಗಿತ್ತಿ ಸುಮಲತಾಳ ಹೊಲಕ್ಕೂ ನಡುವೆ ಇರುವುದು ಒಂದೇ ಬದು. ಮನೆ ಮಾತ್ರ ಇನ್ನೂ ಒಂದೇ. ಈ ಸಲ ಇಬ್ಬರೂ ಒಟ್ಟಿಗೆ ಮೆಣಸಿನ ಸಸಿ ನೆಟ್ಟರು. ಆದರೆ ಹಿರಿಸೊಸೆ ಚೆನ್ನಬಸಮ್ಮನ ಸಸಿಗಳಷ್ಟೇ ದಿನಾ ಬೆಳಗಾಗುವಷ್ಟರಲ್ಲಿ ಬುಡ ಕತ್ತರಿಸಿ ಬಿದ್ದಿರುತ್ತಿದ್ದವು, ಯಾರೋ ಕುಡುಗೋಲು ಆಡಿಸಿದ ಹಾಗೆ.

"ಸುಮಲತಾನ ಹೊಲ ಹೆಂಗ ನಿಂತೈತಿ ನೋಡು," ಎಂದು ಅತ್ತೆ ಊರಮ್ಮ ಊಟಕ್ಕೆ ಕೂತಾಗಲೆಲ್ಲ ಹೇಳುವಳು. ಮೊದಲು ಕಿರಿಸೊಸೆಯ ರೊಟ್ಟಿ, ಆಮೇಲೆ ಅವಳ ಎಮ್ಮೆ, ಈಗ ಅವಳ ಹೊಲ. ಚೆನ್ನಬಸಮ್ಮ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು ಕೂಗಿಯೇ ಬಿಟ್ಟಳು: "ನನ್ ಸಸಿ ಕೊಯ್ಯಾಕ ನಿನಗ ಮನಸ್ಸಾದ್ರೂ ಹೆಂಗ ಬಂತು?"

ಸುಮಲತಾ ಬದು ದಾಟಿ ಬಂದು, ಬಿದ್ದ ಸಸಿಯ ಬುಡದಲ್ಲಿ ಬೆರಳಿನಿಂದ ಮಣ್ಣು ಕೆದರಿದಳು. ಮಣ್ಣಿನದೇ ಬಣ್ಣದ ದಪ್ಪ ಹುಳು ಬಳೆಯಂತೆ ಸುತ್ತಿಕೊಂಡು ಮಲಗಿತ್ತು.

"ಕತ್ತರಿ ಹುಳ ಅಕ್ಕ. ಹಗಲೆಲ್ಲ ಮಣ್ಣಾಗ ಇರ್ತಾವ, ಕತ್ತಲಾದ್ರ ಬುಡ ಕಡೀತಾವ. ನೆಡೂಕಿಂತ ಮುಂಚೆ ಹೊಲದಾಗ ಕಸ ಕೀಳದ ಬಿಟ್ಟಿದ್ದಿ ನೋಡು, ಅದರ ಮ್ಯಾಲ ಪತಂಗ ತತ್ತಿ ಇಟ್ಟಾವ. ದೀಪಕ್ಕ ಬರೋ ಕಂದು ಪತಂಗ ಇಲ್ಲೇನು, ಅವಾ."

ತಪ್ಪು ತನ್ನದೇ ಆಗುವುದಕ್ಕಿಂತ ಸುಮಲತಾಳೇ ಕೊಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ಚೆನ್ನಬಸಮ್ಮನಿಗೆ.

ಸಂಜೆಯವರೆಗೂ ಅವಳು ಬುಡ ಕೆದರಿ ಹುಳು ಆರಿಸಿದಳು. ತಂಬಿಗೆ ತುಂಬಿತು. ಕೊಲ್ಲಲಿಲ್ಲ. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಬದು ದಾಟಿ, ಓರಗಿತ್ತಿಯ ಸಾಲುಗಳಲ್ಲಿ ಸುರಿದು ಬಂದಳು. ಅವತ್ತು ಊಟ ರುಚಿಸಿತು.

ಬೆಳಿಗ್ಗೆ ನೋಡಲು ಓಡಿದಳು. ಒಂದಷ್ಟು ಸಸಿ ಬಿದ್ದಿದ್ದವು. ಆದರೆ ಸುಮಲತಾ ಆಗಲೇ ಕಾಲುವೆ ನೀರು ತಿರುಗಿಸಿದ್ದಳು. ನೀರು ಹರಿದಂತೆ ಹುಳುಗಳು ಮಣ್ಣಿಂದ ಮೇಲೆದ್ದು ಹೊರಳಾಡುತ್ತಿದ್ದವು; ಬೆಳ್ಳಕ್ಕಿ, ಗೊರವಂಕಗಳು ಹಿಂಡಾಗಿ ಇಳಿದು ಹೆಕ್ಕುತ್ತಿದ್ದವು. ಚೆನ್ನಬಸಮ್ಮನ ಹೊಲದಲ್ಲಿ ಒಂದು ಕಾಗೆಯೂ ಇರಲಿಲ್ಲ. ಹಕ್ಕಿಗಳೂ ಸುಮಲತಾಳ ಹೊಲಕ್ಕೇ ಹೋಗಬೇಕೇ!

"ಇಷ್ಟು ಹುಳ ಒಮ್ಮೆಗೇ ಎಲ್ಲಿಂದ ಬಂದ್ವೋ, ಅಕ್ಕ," ಎಂದು ಸುಮಲತಾ ಅವಳ ಮುಖವನ್ನೇ ನೋಡಿದಳು. ಚೆನ್ನಬಸಮ್ಮ ತಲೆ ತಗ್ಗಿಸಿದಳು.

"ಇರ್ಲಿ ಬಿಡು. ನಿನ್ ಕಡೀಗೂ ನೀರು ಬಿಡ್ತೀನಿ, ಹಕ್ಕಿ ಅಲ್ಲಿಗೂ ಬರ್ತಾವ."

ಸುಮಲತಾ ಗುದ್ದಲಿಯಿಂದ ಬದು ಕಡಿದಳು. ನೀರು ಬಂತು, ಹಿಂದೆಯೇ ಬೆಳ್ಳಕ್ಕಿಗಳೂ ಬಂದವು. ಉಳಿದ ಸಸಿಗಳು ಬದುಕಿದವು.

ಕೆಲವು ದಿನಗಳ ಮೇಲೆ ಊರಮ್ಮ ಎರಡೂ ಹೊಲ ನೋಡಿ, "ಸುಮಲತಾ ಇದ್ದಿದ್ದಕ್ಕ ಉಳೀತು," ಎಂದಳು.

ಚೆನ್ನಬಸಮ್ಮನಿಗೆ ಹೊಟ್ಟೆಕಿಚ್ಚಾಗದೆ ಇರಲಿಲ್ಲ. ಆದರೂ "ಹೌದತ್ತಿ, ಭಾಳ ಜಾಣಿ ಅದಾಳ," ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.