ತವುಡಿಗೆ ಕೊಂಡ ಗೆಳತಿ

ಮೂಗಮ್ಮನನ್ನು ನನ್ನವ್ವ ಒಂದು ಮೊರ ತವುಡಿಗೆ ಕೊಂಡಿದ್ದಳು. ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು ಪಕ್ಕದ ಮನೆಯ ಸೋಮಮ್ಮತ್ತೆ ಈ ಕೂಸನ್ನು ತಿಪ್ಪೆಯ ಮೇಲಿಟ್ಟರಂತೆ. ಅವ್ವ ಎತ್ತಿಕೊಂಡು, ತವುಡು ಕೊಟ್ಟು, ಮೂಗು ಚುಚ್ಚಿಸಿ ಆ ಹೆಸರಿಟ್ಟಳಂತೆ. ಕೊಂಡ ಕೂಸು, ಒರಟು ಹೆಸರು. ಸಾವಿಗೂ ಬೇಡವಾಗಲಿ ಎಂದು. ಬೆಳೆದದ್ದು ಮಾತ್ರ ಹೆತ್ತವಳ ಬಳಿಯೇ, ನಮ್ಮ ಗೋಡೆಯಾಚೆ.

ಉಡಿಗಾಲದಿಂದ ಚಾಮರಾಜನಗರದ ಕಾಲೇಜಿಗೆ ಸೇರುವಾಗ ಅವಳಿಗೆ ಆ ಹೆಸರು ಸಾಕಾಗಿತ್ತು. ಹೆಡ್‌ಮಾಸ್ತರನ್ನು ಕಾಡಿ ಶಿವರಂಜಿನಿ ಎಂದು ಬರೆಸಿಕೊಂಡಿದ್ದಳು.

"ಕಾಲೇಜಲ್ಲಿ ಮೂಗಮ್ಮ ಅಂದ್ರ ನಿನ್ ಜುಟ್ಟು ಕಿತ್ತಾಕ್ಬುಡ್ತೀನಿ ಕಣಮ್ಮಿ ಪುಟ್ಟಿ" ಎಂದಳು ನನಗೆ. ನಾನು ಯಾರನ್ನೂ ಕೂಗಿ ಕರೆಯುವವಳೇ ಅಲ್ಲ. ಹಾಜರಿಗೆ ಓಗೊಟ್ಟರೂ ನನ್ನ ದನಿ ಮುಂದಿನ ಬೆಂಚು ದಾಟುತ್ತಿರಲಿಲ್ಲ.

ಹೊಸ ಹೆಸರು ಕೇಳಿದಾಗ ಸೋಮಮ್ಮತ್ತೆ ಬೇಯಿಸಿದ ಅರಿಶಿನ ಹರಡುತ್ತಿದ್ದರು. ಕೈ ನಿಂತಿತು.

"ಆ ಎಸ್ರ ನಿಂಗ್ಯಾರಮ್ಮಿ ಯೋಳ್ದೋರು? ಮೊದಲ್ನೇ ಕೂಸ್ಗ ಇಟ್ಟಿದ್ದ ಎಸ್ರು ಕಣ. ಅದು ಸತ್ತೋದ್ಮೇಲ ಆ ಎಸ್ರ ನಾನು ಬಾಯಿ ಬುಟ್ಟು ಯೋಳಿಲ್ಲ."

"ಯಾರೂ ಯೋಳಿಲ್ಲ, ನಂಗೇ ತೋಚ್ತು" ಎಂದಳು ಮೂಗಮ್ಮ.

ಆಮೇಲೆಯೇ ಅದು ಶುರುವಾದದ್ದು. ಮಧ್ಯಾಹ್ನ ಬಸ್ಸಿಳಿದು ಹುಣಸೆಮರದಡಿ ಬರುವಾಗ ಹಿಂದಿನಿಂದ ಎಳೆಯ ದನಿ: "ಶಿವರಂಜಿನೀ..." ತಿರುಗಿದರೆ ಬಿಸಿಲು. ಮೊದಮೊದಲು ನಕ್ಕೆವು. ದನಿ ದಿನೇ ದಿನೇ ಹತ್ತಿರವಾಯಿತು, ಅವಳ ನಡಿಗೆ ನಿಧಾನವಾಯಿತು.

"ಅದು ಕರ್ದಾಗ ಓಗ್ಬುಡನ ಅನ್ಸ್ತದ ಕಣಮ್ಮಿ. ಅಷ್ಟು ಸುಸ್ತು."

ಅವ್ವನಿಗೆ ಹೇಳಿದೆ. "ಆ ಮೊದಲ್ನೇ ಕೂಸು ತನ್ನೆಸ್ರ ಉಡಿಕ್ಕಂಡು ಬಂದದ. ಕೊಂಡೋರು ನಾವು. ಅದು ಕರ್ದಾಗ ನೀನು ನಾವಿಟ್ಟ ಎಸ್ರಿಡ್ದು ಇವಳ್ನ ಕೂಗ್ಬೇಕು" ಎಂದಳು.

ಒಂದು ದಿನ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ದನಿ ಆಚೆ ಬದಿಯಿಂದ ಬಂತು. ಅವಳು ನನ್ನ ಕೈ ಬಿಡಿಸಿಕೊಂಡು ಕಟ್ಟೆಯಿಂದ ಇಳಿದು ನಡೆದಳು. ಗುಂಡ್ಲುಪೇಟೆ ಬಸ್ಸು ಹಿಂದಕ್ಕೆ ಬರುತ್ತಿತ್ತು. ಸುತ್ತ ಇಡೀ ಕಾಲೇಜೇ ಇತ್ತು.

"ಮೂಗಮ್ಮೀ! ತವುಡ್ಗ ಕೊಂಡೋಳೇ, ಬಾ ಇಲ್ಲಿ!"

ಅದು ನನ್ನದೇ ದನಿಯಾಗಿತ್ತು. ಅವಳು ನಿಂತಳು. ಬಸ್ಸು ಅವಳ ಚೀಲ ಸವರಿಕೊಂಡು ಹೋಯಿತು. ಮರುಗಳಿಗೆ ಹುಡುಗರು ಶುರು ಮಾಡಿದರು: "ಲೇ, ತವುಡು ಎಷ್ಟ್ ಸೇರ್ಲಾ?" ಆ ವರ್ಷವೆಲ್ಲ ಅವಳು ತವುಡಮ್ಮನಾಗಿಯೇ ಉಳಿದಳು. ನನ್ನೊಡನೆ ಮಾತು ಬಿಟ್ಟಳು.

ದನಿ ಅವಳನ್ನು ಬಿಟ್ಟು ನಮ್ಮ ಹಿತ್ತಿಲ ಬಾಗಿಲಿಗೆ ಬಂತು. ಕೊಂಡವರನ್ನು ತಾನೇ ಕೇಳಬೇಕು? ದಿನಾ ಮಧ್ಯಾಹ್ನ, "ಶಿವರಂಜಿನಿ ಅವ್ಳಾ?"

"ಇಲ್ಲ. ಇಲ್ಲಿರೋಳು ಮೂಗಮ್ಮ."

ಹೇಳಿದರೆ ಹೋಗುತ್ತದೆ, ನಾಳೆ ಬರುತ್ತದೆ. ಅಂದು ಕೂಗಿದವಳು ನಾನು, ನಾನೇ ಹೇಳಬೇಕು. ಕಾಲೇಜು ಬಿಟ್ಟು ಬಿ.ಎ.ಯನ್ನು ಅಂಚೆ ಶಿಕ್ಷಣದಲ್ಲಿ ಮುಗಿಸಿದೆ. ಪರೀಕ್ಷೆಗೆಂದು ಹೋದಾಗ ನನ್ನ ಬದಲು ಅವ್ವ ಹೇಳಿದಳು, ಅದು ನಂಬಲಿಲ್ಲ, ಸಂಜೆಗೆ ಮೂಗಮ್ಮನಿಗೆ ಜ್ವರ. ಬದನಗುಪ್ಪೆಯಲ್ಲಿ ಒಂದು ಕೆಲಸ ಸಿಕ್ಕಿತ್ತು. ಹೋಗಲಿಲ್ಲ. ನನ್ನ ಡೈರಿಯಲ್ಲಿ ದಿನಕ್ಕೊಂದೇ ಸಾಲು: ಬಂತು, ಹೇಳಿದೆ.

ಈಗ ಮೂಗಮ್ಮನನ್ನು ಗುಂಡ್ಲುಪೇಟೆಗೆ ಕೊಡುತ್ತಿದ್ದಾರೆ. ಕೊಂಡ ಮಗಳನ್ನು ಧಾರೆಗೆ ಮೊದಲು ಹೆತ್ತವರು ತವುಡು ಹಿಂದಿರುಗಿಸಿ ಬಿಡಿಸಿಕೊಳ್ಳಬೇಕು. ನಿನ್ನೆ ಸೋಮಮ್ಮತ್ತೆ ಮೊರ ಹಿಡಿದು ಬಂದರು, ಹಿಂದೆ ಹೊಸ ಬಳೆಯ ಮೂಗಮ್ಮ.

ಅವ್ವ ನನ್ನ ಕಿವಿಯಲ್ಲಿ ಹೇಳಿದಳು, "ಈಸ್ಕೊಬುಡು ಪುಟ್ಟಿ. ಇನ್ನ ಅದು ನಮ್ಮನ್ನ ಕೇಳಲ್ಲ, ನಿನ್ ಗೋಳು ತೀರ್ತದ."

ಕೈ ತಾನಾಗಿ ಮುಂದೆ ಹೋಯಿತು. ಅಷ್ಟು ದಣಿದಿದ್ದೆ.

"ಈಸ್ಕೊ" ಎಂದಳು ಮೂಗಮ್ಮ. ವರ್ಷಗಳ ಮೇಲಿನ ಮೊದಲ ಮಾತು. "ಗೋಡೆ ಆಚೆಯಿಂದ ದಿನಾ ಕೇಳುಸ್ಕತೀನಿ. ನಿನ್ ದನೀನೂ ಸಾಕಾಗ್ಬುಟ್ಟದ."

ಆಗಲೇ ಹಿತ್ತಿಲಲ್ಲಿ ಆ ದನಿ ಕರೆಯಿತು. ಮೂಗಮ್ಮನ ಕತ್ತು ಅತ್ತ ತಿರುಗಿತು, ಬಸ್‌ಸ್ಟ್ಯಾಂಡಿನಲ್ಲಿ ತಿರುಗಿದ ಹಾಗೆಯೇ.

ನಾನು ಮೊರ ಹಿಂದಕ್ಕೆ ತಳ್ಳಿದೆ. "ಈ ತವುಡ ನಿಮ್ಮೆಮ್ಮೆಗ ಆಕ್ಕಳಿ ಅತ್ತೆ. ಮೂಗಮ್ಮ ನಮ್ಮೋಳು."

ಹಿತ್ತಿಲು ಸುಮ್ಮನಾಯಿತು. ಮೂಗಮ್ಮ ಬಂದು ನನ್ನ ಜಡೆಯನ್ನು ಹಿಡಿದು ಎಳೆದಳು. ನೋಯುವಷ್ಟು.

"ಮದ್ವೆಮನೇಲಿ ಆ ಎಸ್ರ ಕೂಗ್ದೆ ಅಂದ್ರ ನೋಡು."

ಇವತ್ತು ಊಟದ ತಟ್ಟೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಕೂತೆ. ಬಂತು. ಹೇಳಿದೆ.