ಎಡಗೈ ಎತ್ತಿದರೆ ನೋವು

ಹಲ್ಲಿನ ಡಾಕ್ಟರ ಮನೆಯಲ್ಲಿ ಪತ್ರಿಕೆಯ ಪದಬಂಧ ಹೆಂಡತಿಯ ಆಸ್ತಿ. ಭಾಷೆಯ ಪಾಠ ಹೇಳಿ ನಿವೃತ್ತಿಯಾದವಳು. ಪೆನ್ನಿನಲ್ಲೇ ತುಂಬುತ್ತಾಳೆ, ಹೊಡೆದುಹಾಕುವ ಅಭ್ಯಾಸವಿಲ್ಲ. ಆ ಶನಿವಾರ ಮಾತ್ರ ಪತ್ರಿಕೆಯನ್ನು ಮಡಿಚಿ ಗಂಡನ ಕೈಗೆ ಕೊಟ್ಟಳು.

“ಇವತ್ತಿಂದು ನೀವೇ ತುಂಬಿ. ಯಾರನ್ನೂ ಕೇಳಬಾರದು. ಪೂರ್ತಿ ಮಾಡಿದ್ರೆ ಕ್ಲಿನಿಕ್ ಮುಚ್ಚಿ ಅಂತ ಇನ್ನು ಬಾಯಿ ಬಿಡಲ್ಲ. ಇಲ್ಲಾಂದ್ರೆ ತಿಂಗಳ ಕೊನೆಗೆ ಬೀಗ.”

“ನನ್ನ ತಲೆ ನೆಟ್ಟಗಿದೆ ಕಣೇ.”

“ಹೌದೌದು. ಮೊನ್ನೆ ಯಾರದೋ ದವಡೆ ಅಚ್ಚು ತಂದು ಫ್ರಿಜ್ಜಲ್ಲಿ ಹಾಲಿನ ಪಕ್ಕ ಇಟ್ಟಿದ್ದು ನನ್ನ ತಲೆ ಇರಬೇಕು.”

ನಲವತ್ತೊಂದು ವರ್ಷದ ಕ್ಲಿನಿಕ್ಕು. ಅದು ಬಿಟ್ಟರೆ ಡಾಕ್ಟರಿಗೆ ಹೋಗಲು ಬೇರೆ ಜಾಗವಿಲ್ಲ. ಮನೆಯಲ್ಲಿ ಕೂತರೆ ದಿನವಿಡೀ ಪರೀಕ್ಷೆ ಮಾಡಿಸಿಕೊಳ್ಳುವ ಸರದಿ ತಮ್ಮದಾಗುತ್ತದೆ. ಪತ್ರಿಕೆಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟರು.

ಕ್ಲಿನಿಕ್ಕಿನಲ್ಲಿ ಅವರಿಗೆ ಸಹಾಯಕಿ ಅಕ್ಕನ ಮಗಳೇ. ಕಾರ್ಡು ಬರೆಯುವುದು, ಉಪಕರಣ ಕುದಿಸುವುದು, ಮಾವನ ಕಾಲೆಳೆಯುವುದು, ಮೂರೂ ಅವಳ ಕೆಲಸ. ಹನ್ನೊಂದು ಗಂಟೆಗೆ ಅರ್ಧ ಪದಬಂಧ ತುಂಬಿತ್ತು, ಉಳಿದರ್ಧ ಬಾಯಿ ಕಿಸಿದುಕೊಂಡಿತ್ತು. ಕುರ್ಚಿಯಲ್ಲಿ ಬಸ್ ಡ್ರೈವರೊಬ್ಬ ಬಾಯಿ ತೆರೆದು ಮಲಗಿದ್ದ.

“ದೋಣಿ ನಡೆಸುವವನು, ಮೂರಕ್ಷರ,” ಎಂದು ಡಾಕ್ಟರು ಅವನ ದವಡೆಯೊಳಗೆ ಹೇಳಿದರು. “ನಾವಿಕ ಅಂದ್ರೆ ಕೂರ್ತಾ ಇಲ್ಲ.”

“ಆಂ… ಇ… ಅ,” ಎಂದ ಡ್ರೈವರ್.

ನಲವತ್ತೊಂದು ವರ್ಷ ತೆರೆದ ಬಾಯಿಗಳ ಮಾತು ಕೇಳಿದ ಕಿವಿ. “ಅಂಬಿಗ! ಭಲೇ!”

“ಮಾವ, ಇದು ಕೇಳಿದ ಹಾಗಲ್ವಾ?”

“ಕೇಳೋದಾ? ನಾನು ನನ್ನಷ್ಟಕ್ಕೆ ಮಾತಾಡ್ಕೊಂಡೆ. ಬಾಯೊಳಗೆ ಕನ್ನಡಿ ಇಟ್ಟುಕೊಂಡವನು ಉತ್ತರ ಕೊಡ್ತಾನೆ ಅಂತ ಯಾರು ಅಂದ್ಕೋತಾರೆ?”

ಹೀಗೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತ, ಒಬ್ಬ ಬಡಗಿಯಿಂದ ಎರಡು ಪದ, ಹಲ್ಲು ಕೀಳಿಸಿಕೊಳ್ಳಲು ಬಂದ ವಕೀಲರೊಬ್ಬರಿಂದ ನಾಲ್ಕು ಪದ ಕಿತ್ತರು. ವಕೀಲರಿಗೆ ಹಲ್ಲು ಹೋದದ್ದೇ ತಿಳಿಯಲಿಲ್ಲ. ಒಂದು ಗಂಟೆಗೆ ಒಂದೇ ಒಂದು ಮನೆ ಖಾಲಿ ಉಳಿಯಿತು. ಮಗ್ಗದಲ್ಲಿ ಅತ್ತಿಂದಿತ್ತ ಓಡಾಡುವುದು, ಎರಡಕ್ಷರ. ಎರಡನೆಯದು ‘ಳಿ’.

“ಗಾಳಿ?” ಎಂದರು ಡಾಕ್ಟರು.

“ಕೋಳಿ ಅಂತ ಬರೀರಿ ಮಾವ. ಅದೂ ಓಡಾಡುತ್ತೆ.”

“ನೀನು ಸುಮ್ಮನಿರು. ನೀನು ಹೇಳಿದ್ರೆ ಲೆಕ್ಕಕ್ಕಿಲ್ಲ.”

“ನನಗೆ ಗೊತ್ತಿದ್ರೆ ತಾನೆ!”

ಕೊನೆಯವಳಾಗಿ ಬಂದದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಕೆಳಗಿನ ಬಲದ ದವಡೆ ಹಲ್ಲಿಗೆ ತೂತು. ಡಾಕ್ಟರು ಮರಗಟ್ಟುವ ಮದ್ದು ಚುಚ್ಚಿದರು, ಬಾಯಿ ತುಂಬ ಹತ್ತಿ ಇಟ್ಟರು, ಎಂದಿನ ಮಾತು ಹೇಳಿದರು: “ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ.” ಆಮೇಲೆ ಯಂತ್ರ ಕೈಗೆತ್ತಿಕೊಂಡು, ತಮ್ಮಷ್ಟಕ್ಕೇ, “ಮಗ್ಗದಲ್ಲಿ ಅತ್ತಿಂದಿತ್ತ ಓಡಾಡುವುದು…” ಎಂದರು.

ಎಡಗೈ ಥಟ್ಟನೆ ಮೇಲೆದ್ದಿತು.

“ಅಯ್ಯೋ, ನೋವಾ? ಇನ್ನೂ ಮುಟ್ಟೇ ಇಲ್ಲವಲ್ಲ!”

ಆಕೆ ತಲೆ ಅಲ್ಲಾಡಿಸಿದಳು. ಕೈಯನ್ನು ಎಡದಿಂದ ಬಲಕ್ಕೆ ಓಡಿಸಿದಳು, ಬಲದಿಂದ ಎಡಕ್ಕೆ ಓಡಿಸಿದಳು.

“ಎರಡೂ ಕಡೆ ನೋವಂತೆ,” ಎಂದು ಡಾಕ್ಟರು ಎಡದವಡೆಗೂ ಒಂದು ಚುಚ್ಚಿದರು.

ಆಕೆಯ ಕಣ್ಣು ಅಗಲವಾಯಿತು. ಕೈ ಇನ್ನೂ ಜೋರಾಗಿ ಓಡತೊಡಗಿತು, ಎಡ, ಬಲ, ಎಡ, ಬಲ. ಡಾಕ್ಟರು ಮತ್ತೆ ಸೂಜಿಯ ಕಡೆ ತಿರುಗುವಷ್ಟರಲ್ಲಿ ಆಕೆ ಎದ್ದು ಕೂತು, ಅವರ ಜೇಬಿನ ಪೆನ್ನು ಕಿತ್ತುಕೊಂಡು, ತನ್ನ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ಲಾಳಿ.

ಅದೇ ಕಾರ್ಡಿನಲ್ಲಿ, ಕಸುಬು ಎಂಬುದರ ಮುಂದೆ, ಅಕ್ಕನ ಮಗಳು ಆಕೆ ಬಂದಾಗಲೇ ಬರೆದಿದ್ದಳು: ನೇಯ್ಗೆ ಕಾರ್ಖಾನೆ, ಮೇಲ್ವಿಚಾರಕಿ. ಡಾಕ್ಟರು ಅದನ್ನು ಓದಿರಲಿಲ್ಲ.

“ಮಾವ,” ಎಂದಳು ಅವಳು ಮೆಲ್ಲಗೆ, “ಉತ್ತರ ಹೇಳಿದ್ದಕ್ಕೆ ಸೂಜಿ ಚುಚ್ಚಿದ್ರಲ್ಲ.”

ಡಾಕ್ಟರು ಕೈಮುಗಿದು ಕ್ಷಮೆ ಕೇಳಿದರು. ಎರಡೂ ಕೆನ್ನೆ ಮರಗಟ್ಟಿದ ಹೆಂಗಸು ನಗಲು ನೋಡಿದಳು. ತುಟಿ ಕೇಳಲಿಲ್ಲ, ಹೆಗಲು ಮಾತ್ರ ಕುಲುಕಿತು. ಹಲ್ಲಿನ ಕೆಲಸವನ್ನು ಅವರು ಒಂದು ಮಾತೂ ಆಡದೆ ಮುಗಿಸಿದರು. ಬೆಳಿಗ್ಗೆಯಿಂದ ಅಷ್ಟು ಚೆನ್ನಾಗಿ ಮಾಡಿದ ಕೆಲಸ ಅದೊಂದೇ ಎಂದು ಅವರಿಗೇ ಅನ್ನಿಸಿತು. ಆಮೇಲೆ ಪತ್ರಿಕೆ ತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು, ಸ್ವಲ್ಪ ಹೊತ್ತು ಖಾಲಿ ಮನೆಯನ್ನು ನೋಡಿದರು, ಮುಚ್ಚಳ ಹಾಕಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೈಚಾಚಿದಳು. ಅವಳ ಬೆರಳು ಸಾಲುಸಾಲಾಗಿ ಇಳಿದು ಕೊನೆಗೆ ನಿಂತಿತು.

“ಒಂದು ಮನೆ ಖಾಲಿ! ಸೋತಿರಿ.”

“ಸೋತೆ. ಪದ ಗೊತ್ತಿದೆ, ಬರೆಯೋಕೆ ಮನಸ್ಸು ಬರಲಿಲ್ಲ.” ಡ್ರೈವರಿಂದ ಹಿಡಿದು ಸೂಜಿಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದರು. “ಮರೆವಲ್ಲ ಕಣೇ. ಗಮನ ಇರಲಿಲ್ಲ. ಅದು ಮರೆವಿಗಿಂತ ಕೆಟ್ಟದ್ದು. ಬೀಗ ಹಾಕು ಅಂದ್ರೆ ಹಾಕ್ತೀನಿ.”

ಅವಳು ನಕ್ಕು ನಕ್ಕು ಕುರ್ಚಿ ಹಿಡಿದು ಕೂತಳು. ಕಣ್ಣೊರೆಸಿಕೊಂಡಳು. ಆಮೇಲೆ, ಏನೂ ಆಗದವಳಂತೆ, “ಅಂದಹಾಗೆ, ಆ ಪದ ಏನು?” ಎಂದಳು.

ಡಾಕ್ಟರು ಅವಳ ಮುಖ ನೋಡಿದರು. ಅವಳ ಪಕ್ಕದ ಮೇಜಿನ ಮೇಲೆ ಕೆಳಗಿನ ಮನೆಯವರಿಂದ ತಂದ ಇವತ್ತಿನ ಪತ್ರಿಕೆ ಇತ್ತು. ಪೂರ್ತಿ ತುಂಬಿದೆ, ಪೆನ್ನಿನಲ್ಲಿ, ಅದೇ ಒಂದು ಮನೆ ಬಿಟ್ಟು.

“ಓಹೋ,” ಎಂದರು ಡಾಕ್ಟರು. ಕೂತರು. ಚಪ್ಪಲಿ ಬಿಚ್ಚಿದರು, ನಿಧಾನವಾಗಿ, ಒಂದೊಂದಾಗಿ. “ಯಾರನ್ನೂ ಕೇಳಬಾರದು ಅಂತ ಹೇಳಿದ್ದು ಯಾರೋ?”

“ನಿಮಗೆ ಹೇಳಿದ್ದು.”

“ಬೀಗ?”

ಅವಳು ಪೆನ್ನನ್ನು ಹಲ್ಲಿನಲ್ಲಿ ಕಚ್ಚಿದಳು. ಖಾಲಿ ಮನೆ ನೋಡಿದಳು, ಗಂಡನನ್ನು ನೋಡಿದಳು.

“ಇನ್ನೊಂದು ವರ್ಷ. ಆದ್ರೆ ಪೇಪರ್ ಮನೇಲೇ ಇರುತ್ತೆ. ನೀವು ಹೋಗಿ ಬರೀ ಹಲ್ಲು ನೋಡ್ಬೇಕು.”

“ಎರಡು ವರ್ಷ.”

“ರೀ!”

“ಪೆನ್ನು ಕಚ್ಚಬೇಡ, ಹಲ್ಲು ಸವೆಯುತ್ತೆ.”

“ಸರಿ, ಎರಡು! ಹೇಳ್ತೀರೋ ಇಲ್ಲವೋ?”

ಅವರು ಹೇಳಿದರು. “ಅಷ್ಟೇನಾ!” ಎಂದು ಅವಳು ಬರೆದುಕೊಂಡಳು.